ಚೆಂಡಿಗೆ ಸುತ್ತಿದ ಬಟ್ಟೆ

ಏನಿಲ್ಲ, ಏನಿಲ್ಲ, ಬೆಚ್ಚಿಬೀಳಬೇಡ. ಕೋಲು ಬಿತ್ತು ಅಷ್ಟೇ. ಬಾಗಿಲ ಹಿಂದೆ ಮೂಲೇಲಿ ಒರಗಿಸಿದ್ದೆ, ಜಾರ್ತು. ಇರು, ಎತ್ತಿ ನಿಲ್ಲಿಸ್ತೀನಿ... ಹಾಂ, ಈಗ ನಿಂತ್ಕೊಂತು. ನೋಡು, ಅದನ್ನ ಕೈಯಲ್ಲಿ ಹಿಡ್ಕೊಂಡೇ ಇಲ್ಲಿವರೆಗೂ ಓಡಿ ಬಂದಿದೀನಿ, ನನಗೇ ಗೊತ್ತಿಲ್ಲ. ಮುಂದೆ ಸ್ಟ್ರೆಚರ್, ಹಿಂದೆ ಉದ್ದ ಕೋಲು ಹೊತ್ಕೊಂಡು ನಾನು! ನೋಡಿದವರು ಏನಂದ್ಕೊಂಡ್ರೋ.

ನೀನು ಏನೋ ಹೇಳೋಕೆ ಬಾಯಿ ತೆಗೆದೆ... ಇಲ್ವಾ? ಸರಿ ಬಿಡು. ನರ್ಸಮ್ಮ ಹೇಳಿ ಹೋಗಿದಾರೆ, ಆ ಬಲಗೈ ಅಲ್ಲಾಡಿಸಬಾರದು, ಐಸ್ ಚೀಲ ತೆಗೀಬಾರದು ಅಂತ. ಮಾತಾಡಬಾರದು ಅಂತ ಏನೂ ಹೇಳಿಲ್ಲ. ನೀನು ಮಾತ್ರ ಬಾಯಿಗೆ ಬೀಗ ಜಡ್ಕೊಂಡು ಕೂತಿದೀಯಾ. ನೀರಿಂದ ಎತ್ತಿದಾಗಿನಿಂದ ಒಂದು ಅಯ್ಯೋ ಅಂತಾನೂ ಅಂದಿಲ್ಲ. ನೋವಾದ್ರೆ ಕಿರುಚ್ಕೋ ಕಣೇ. ನಾನಾಗಿದ್ರೆ ಈ ಕಟ್ಟಡಾನೇ ಬಿದ್ದೋಗೋ ಹಾಗೆ ಕಿರುಚ್ತಿದ್ದೆ.

ಅಯ್ಯೋ, ರೂಮು ಹೇಗಿದೆ ಅಂತ ನಿಂಗೆ ಹೇಳೇ ಇಲ್ಲ ನಾನು. ಯಾವತ್ತೂ ಮೊದಲು ಅದನ್ನೇ ಹೇಳ್ತೀನಿ, ಇವತ್ತು ಮರ್ತೇ ಹೋಯ್ತು ನೋಡು. ಚಿಕ್ಕ ರೂಮು. ಗ್ಯಾಲರಿ ಮೆಟ್ಟಿಲಿನ ಕೆಳಗಿಂದು, ಅದಕ್ಕೇ ಸೂರು ಒಂದು ಕಡೆ ಇಳಿಜಾರು. ತಲೆ ಮೇಲೆ ದಡಬಡ ಕೇಳ್ತಿದೆಯಲ್ಲ, ಅದು ಜನ ಎದ್ದು ಹೋಗ್ತಿರೋದು. ನೀನು ಕೂತಿರೋದು ರೆಕ್ಸಿನ್ ಮಂಚ, ತುದೀಲಿ ಹರಿದು ಸ್ಪಂಜು ಹೊರಗೆ ಬಂದಿದೆ. ಎದುರಿಗೆ ಬಿಳಿ ಬೀರು. ಗೋಡೆ ಮೇಲೆ ಒಂದು ಚಿತ್ರ, ಮುಳುಗಿದವರ ಎದೆ ಒತ್ತಿ ಬದುಕಿಸೋದು ಹೇಗೆ ಅಂತ. ಚಿತ್ರದಲ್ಲಿ ಸತ್ತಂಗೆ ಮಲಗಿರೋನು ನಗ್ತಿದಾನೆ, ಯಾರು ಬರೆದ್ರೋ ಪುಣ್ಯಾತ್ಮರು. ಕಿಟಕಿ ಇಲ್ಲ. ಮೇಲೆ ಒಂದು ಫ್ಯಾನ್ ಇದೆ, ತಿರುಗಿದಂಗೆ ನಾಟಕ ಮಾಡ್ತಿದೆ, ಗಾಳಿ ಅಂತೂ ಒಂದು ಚೂರೂ ಇಲ್ಲ.

ಟವಲ್ ಕೊಡ್ಲಾ? ಕೂದಲಿಂದ ನೀರು ಸೋರ್ತಾನೇ ಇದೆ, ಮಂಚದ ಕೆಳಗೆಲ್ಲ ಕೆರೆ ಆಗಿದೆ. ಬಾ ಇಲ್ಲಿ, ನಾನೇ ಒರೆಸ್ತೀನಿ... ಯಾಕೆ? ತಲೆ ಯಾಕೆ ಆ ಕಡೆ ತಿರುಗಿಸ್ದೆ? ಸರಿಯಮ್ಮ. ಮುಟ್ಟಲ್ಲ. ಹಣೆ ಮೇಲೆ ಗಡ್ಡೆ ಎದ್ದಿದೆ, ಅದು ನೋಯ್ತಿರುತ್ತೆ, ನಂಗೆ ಗೊತ್ತಾಗಬೇಕಿತ್ತು.

ಅಂದ ಹಾಗೆ... ಯಾರಾದ್ರೂ ಹೇಳಿದ್ರಾ ನಿಂಗೆ? ನೀನೇ ಗೆದ್ದೆ ಕಣೇ ಕಪ್ಪೆ. ಮೊದಲನೇ ಸ್ಥಾನ. ನಿಜವಾಗ್ಲೂ. ಪಕ್ಕದ ಸಾಲಿನಲ್ಲಿ ಆ ಉದ್ದ ಕೈ ಹುಡುಗಿ ಇದ್ಲಲ್ಲ, ಕೊನೆವರೆಗೂ ಅವಳೇ ಮುಂದೆ. ಗೋಡೆ ಬಂತು ಅಂತ ಅವಳ ಕಡೆಯವರು ಅವಳ ತಲೆಗೆ ಕೋಲು ತಟ್ಟಿದ್ರು, ಅವಳು ಮೈ ಬಿಗಿ ಹಿಡಿದು ಕೈ ಚಾಚಿದ್ಲು. ಎಲ್ಲರೂ ಮಾಡೋದೇ ಅದು. ನೀನು ಬಿಗಿ ಹಿಡೀಲಿಲ್ಲ. ಇನ್ನೂ ನೀರು ಇದೆ ಅನ್ನೋ ಹಾಗೆ ಪೂರ್ತಿ ಜೋರಲ್ಲಿ ನುಗ್ಗಿದೆ. ಬೋರ್ಡ್ ಮೇಲೆ ನಿನ್ನ ಹೆಸರು ಮೊದಲು ಬಂತು, ಜನ ಎದ್ದು ನಿಂತು ಚಪ್ಪಾಳೆ ಹೊಡೆದ್ರು. ಆಮೇಲೆ ನೀನು ತಲೆ ಎತ್ತಲಿಲ್ಲ ಅಂತ ಗೊತ್ತಾದಾಗ ಒಬ್ಬೊಬ್ಬರೇ ನಿಲ್ಲಿಸಿದ್ರು. ಪದಕ ಇಲ್ಲಿಗೇ ತಂದು ಕೊಡ್ತಾರಂತೆ.

ಸೀಟಿ ಮಾಸ್ತರು ಗಾಡಿ ತರೋಕೆ ಹೋಗಿದಾರೆ. ಎಕ್ಸ್‌ರೇ ತೆಗೆಸಬೇಕಂತೆ. ಪಾಪ, ಆ ಕಡೆ ದಂಡೆಯಿಂದ ಓಡಿ ಬರ್ತಾ ಎರಡು ಸಲ ಜಾರಿ ಬಿದ್ರು, ಈ ವಯಸ್ಸಲ್ಲಿ. ಬಂದವರೇ ನನ್ನ ಮುಖ ನೋಡಿದ್ರು. ಏನಾಯ್ತು ಅಂತ ಕೇಳ್ಲಿಲ್ಲ. ಸುಮ್ನೆ ನೋಡಿದ್ರು. ನಂಗೆ ಅದೇ ಸಿಟ್ಟು ಬಂದಿದ್ದು. ಕೇಳಬಹುದಿತ್ತಲ್ಲ? ಬಾಯಿ ಇದೆಯಲ್ಲ?

ಕಪ್ಪೆ, ಕೇಳು. ಅವರು ಬರೋದ್ರೊಳಗೆ ಒಂದು ಮಾತು. ಆ ರೆಫರಿ ಅಮ್ಮ ಈಗ ಇಲ್ಲಿಗೆ ಬರ್ತಾರೆ. ಯಾರಿಗಾದ್ರೂ ಪೆಟ್ಟಾದ್ರೆ ವಿಚಾರಿಸಲೇಬೇಕಂತೆ. ನಿನ್ನನ್ನ ಒಂದೇ ಒಂದು ಪ್ರಶ್ನೆ ಕೇಳ್ತಾರೆ, ತಲೆಗೆ ಕೋಲು ತಾಗ್ತಾ ಇಲ್ವಾ ಅಂತ. ನೀನು... ಎಣಿಕೆ ತಪ್ತು ಅಂತ ಹೇಳಿಬಿಡು. ಅಷ್ಟೇ. ಎಷ್ಟು ಕೈ ಬೀಸಿದೆ ಅನ್ನೋ ಎಣಿಕೆ ತಪ್ತು, ಗೋಡೆ ಇನ್ನೂ ದೂರ ಇದೆ ಅಂದ್ಕೊಂಡೆ, ತಟ್ಟಿದ್ದು ಗೊತ್ತಾಗೋ ಹೊತ್ತಿಗೆ ತಡ ಆಗಿತ್ತು. ಮುಗೀತು. ಅದರಲ್ಲಿ ನೀನು ಏನೂ ಕಳ್ಕೊಳ್ಳಲ್ಲ. ಗೆದ್ದಾಗಿದೆ. ಯಾರೂ ಪದಕ ವಾಪಸ್ ಕಿತ್ಕೊಳ್ಳಲ್ಲ. ಹೇಳದೇ ಹೋದ್ರೆ ನನ್ನ ಪಾಸ್ ಕಿತ್ಕೊಳ್ತಾರೆ. ಆಮೇಲೆ ಯಾವ ಕೊಳದ ದಂಡೆ ಮೇಲೂ ನಾನು ನಿಲ್ಲೋ ಹಾಗಿಲ್ಲ. ಯಾವತ್ತೂ.

ನಾನು ಏನು ಹೇಳ್ತೀನಿ ಅಂತಾನೂ ಕೇಳಿಸ್ಕೋ, ಇಬ್ಬರ ಮಾತೂ ಒಂದೇ ಥರ ಇರಬೇಕು. ನಾನು ಹೀಗೆ ಹೇಳ್ತೀನಿ. ಅಮ್ಮ, ಇವಳಿಗೆ ಹುಟ್ಟಿದಾಗಿನಿಂದ ಕಣ್ಣು ಕಾಣ್ಸಲ್ಲ. ನಾನು ಇವಳ ಅಕ್ಕ, ತಟ್ಟೋಳೂ ನಾನೇ. ಗೋಡೆ ಬರೋಕೆ ಒಂದು ಕೈ ಇರೋವಾಗ ಕೋಲಿನ ತುದಿಯ ಚೆಂಡಿನಿಂದ ತಲೆಗೆ ತಟ್ಟೋದು ನಮ್ಮ ಕೆಲಸ. ಈ ರೇಸಲ್ಲಿ ಆ ಕಡೆ ತಿರುವಿನಲ್ಲಿ ಮಾಸ್ತರು ಅವರ ಕೋಲು ಹಿಡಿದು ನಿಂತಿದ್ರು, ಈ ಕಡೆ ಕೊನೇಲಿ ನಾನು. ನಂದು ಒಂದೇ ತಟ್ಟು, ಮುಗಿಯೋ ಹೊತ್ತಿಗೆ. ತಟ್ಟಿದೆ. ನೆತ್ತಿ ಮೇಲೆ, ಸರಿಯಾಗಿ. ಇವಳು ಎರಡು ಟೋಪಿ ಹಾಕಿದ್ಲು, ಒಂದರ ಮೇಲೊಂದು, ಅದಕ್ಕೇ ಗೊತ್ತಾಗಿಲ್ಲ... ಹೇಗಿದೆ? ಎರಡು ಟೋಪಿ ಅನ್ನೋದು ನಿಜಾನೇ ಅಲ್ವಾ. ಯಾವಾಗ್ಲೂ ಎರಡೇ ಹಾಕೋದು, ಅದು ಬೇರೆ ಮಾತು. ಅವರಿಗೇನು ಗೊತ್ತು?

ಕ್ಯಾಮೆರಾದಲ್ಲೂ ಏನೂ ಕಾಣ್ಸಲ್ವಂತೆ. ಆ ಹೊತ್ತಿಗೆ ಅಷ್ಟೂ ಸಾಲಿನ ನೀರು ಎದ್ದಿರುತ್ತೆ, ಬರೀ ನೊರೆ. ನಾನು ಬರೋವಾಗ್ಲೇ ಆ ಕ್ಯಾಮೆರಾ ಹುಡುಗನ್ನ ವಿಚಾರಿಸ್ಕೊಂಡು ಬಂದೆ.

ಯಾಕೆ ತಲೆ ಎತ್ತಿದೆ? ಅಲ್ಲ... ಸುಮ್ನೆ ವಿಚಾರಿಸಿದೆ ಕಣೇ. ದಾರೀಲಿ ಸಿಕ್ಕಿದ, ಕೇಳ್ದೆ. ಅದರಲ್ಲೇನಿದೆ.

ಚಳಿ ಆಗ್ತಿದೆಯಾ? ನಡುಗ್ತಿದೀಯಾ ನೀನು. ನನ್ನ ಸ್ವೆಟರ್ ಹೊದಿಸ್ತೀನಿ, ಬೇಡ ಅನ್ನಬೇಡ. ಹೂಂ... ಅದನ್ನೂ ಕೆಳಗೆ ಹಾಕಿದ್ಯಾ. ಹಠ ನೋಡು ಹಠ. ಅಮ್ಮ ಸುಮ್ನೆ ಹೇಳ್ತಿರ್ಲಿಲ್ಲ, ಇವಳ ಹಠ ಇಸ್ತ್ರಿ ಪೆಟ್ಟಿಗೆ ಹಾಕಿ ಒತ್ತಿದ್ರೂ ನೆಟ್ಟಗಾಗಲ್ಲ ಅಂತ.

ನೆನಪಿದೆಯಾ, ಮೊದಲನೇ ಕೋಲು? ಕೊಳದ ಕಸ ಗುಡಿಸೋಳ ಹತ್ರ ಬೇಡಿ ತಂದ ನೆಲ ಒರೆಸೋ ಕೋಲು. ತುದಿಗೆ ಒಂದು ಹಳೇ ಚೆಂಡು ಸಿಕ್ಕಿಸಿ ಕಟ್ಟಿದ್ರು ಮಾಸ್ತರು. ನಾನು ದಂಡೆ ಮೇಲೆ ನಿಂತು ನಿನ್ನ ತಲೆಗೆ ತಟ್ಟೋದು ನೋಡಿ ಆ ಗ್ಯಾಲರಿಯಲ್ಲಿ ಕೂತಿದ್ದ ಹೆಂಗಸರು ಬೊಬ್ಬೆ ಹಾಕಿದ್ರಲ್ಲ, ಕಣ್ಣು ಕಾಣದ ಮಗೂಗೆ ಕೋಲಲ್ಲಿ ಹೊಡೀತಾಳೆ, ಹಿಡ್ಕೊಳ್ಳಿ ಅವಳನ್ನ ಅಂತ. ಒಬ್ಬಳಂತೂ ಚಪ್ಪಲಿ ಕೈಗೆ ತಗೊಂಡು ಇಳಿದು ಬಂದ್ಲು. ನೀನು ನೀರೊಳಗೇ ನಕ್ಕು ನಕ್ಕು ಕೆಮ್ಮೋಕೆ ಶುರು ಮಾಡಿದ್ದೆ. ಇನ್ನೊಂದು ಸಲ ನಾನು ತುಂಬ ಬೇಗ ತಟ್ಟಿಬಿಟ್ಟೆ, ನೀನು ಪಲ್ಟಿ ಹೊಡೆದು ಗೋಡೆ ಅಂತ ಬರೀ ನೀರನ್ನ ಒದ್ದೆ. ಅಲ್ಲೇ ನಿಂತು, ಗೋಡೇನ ಯಾರು ಎತ್ಕೊಂಡು ಹೋದ್ರು ಅಂತ ಕೇಳಿದ್ದೆ.

ನಗ್ತಿದೀಯಾ? ...ಅಲ್ಲ. ನಗು ಅಲ್ಲ ಅದು.

ನಾನೂ ಈಜ್ತಿದ್ದೆ ಆಗ. ನೀನು ಅದನ್ನ ಮರೆತಿರಬಹುದು, ಎಲ್ಲರೂ ಮರೆತಿದಾರೆ. ಮೊದಲು ಕೊಳಕ್ಕೆ ಸೇರಿದ್ದು ನಾನು. ಅಮ್ಮ ಲಾಂಡ್ರಿಗೆ ಹೋಗೋಳು, ನಿನ್ನ ನೋಡ್ಕೊಳ್ಳೋಕೆ ಮನೇಲಿ ಯಾರೂ ಇರ್ಲಿಲ್ಲ, ಅದಕ್ಕೇ ನಿನ್ನನ್ನೂ ಕರ್ಕೊಂಡು ಬಂದು ಮೋರಿ ಪಕ್ಕದ ಬೆಂಚಿನ ಮೇಲೆ ಕೂರಿಸ್ತಿದ್ದೆ. ಎಷ್ಟು ಜನ ಈಜ್ತಿದ್ರೂ ನನ್ನ ಕೈ ಸದ್ದು ಯಾವುದು ಅಂತ ನೀನು ಬೆರಳು ಮಾಡಿ ತೋರಿಸ್ತಿದ್ದೆ. ಒಂದಿನ ಅದೇ ಸದ್ದು ಹಿಡ್ಕೊಂಡು ಎದ್ದು ನಡೆದು ಬಂದು ಧುಮುಕ್ಕನೆ ನೀರಿಗೆ ಬಿದ್ದೆ. ಎಲ್ಲರೂ ಕೂಗ್ಕೊಂಡ್ರು. ನೀನು ಮಾತ್ರ ಕಪ್ಪೆ ಥರ ಕೈಕಾಲು ಬಿಟ್ಕೊಂಡು ತೇಲ್ತಿದ್ದೆ. ಮಾಸ್ತರು ಬಾಯಲ್ಲಿದ್ದ ಸೀಟಿ ತೆಗೆದು, ಇದನ್ನ ನೋಡ್ರೋ ಅಂದ್ರು. ಅವತ್ತಿಂದ ಅವರು ನನ್ನ ಕಡೆ ನೋಡಿದ್ದು ಕಮ್ಮಿ.

ನಾನು ಅದಕ್ಕೆ ಹೊಟ್ಟೆಕಿಚ್ಚು ಪಟ್ಟಿದೀನಾ? ಹೇಳು. ತಂಡದ ಆಯ್ಕೆ ನಂಗೆ ಕೂದಲೆಳೆಯಲ್ಲಿ ತಪ್ಪಿ ಹೋಯ್ತು. ಇನ್ನೊಂದು ವರ್ಷ ನೋಡ್ತೀನಿ ಅಂತಿದ್ದೆ. ಅದೇ ವಾರ ಕಣ್ಣು ಕಾಣದವರ ತಂಡದಿಂದ ನಿಂಗೆ ಕರೆ ಬಂತು. ಅಮ್ಮ ರಾತ್ರಿ ಪಾತ್ರೆ ತೊಳೀತಾ, ಬೆನ್ನು ತಿರುಗಿಸ್ಕೊಂಡೇ, ಅವಳ ಜೊತೆ ಯಾರಾದ್ರೂ ಹೋಗ್ಬೇಕಲ್ಲ ಅಂದ್ಲು. ನನ್ನ ಹೆಸರು ಹೇಳಲಿಲ್ಲ. ಹೇಳೋ ಅಗತ್ಯಾನೂ ಇರ್ಲಿಲ್ಲ, ಆ ಮನೇಲಿ ಇನ್ಯಾರಿದ್ರು? ಮಾರನೇ ದಿನ ನನ್ನ ಈಜುಡುಪು ಒಗೆದು ಒಣಗಿಸಿ ಮಡಚಿಟ್ಟೆ. ಕೋಲು ಹಿಡಿದೆ. ಒಂದು ದಿನ ಮುಖ ಗಂಟು ಹಾಕಿದೀನಾ? ತಲೆ ಆದ್ರೂ ಅಲ್ಲಾಡಿಸು ಕಣೇ. ಹೌದು ಅನ್ನು, ಇಲ್ಲ ಅನ್ನು.

ಎಡಗೈ ಬೆರಳಲ್ಲಿ ಏನು ಮಾಡ್ತಿದೀಯಾ? ಮಂಚಕ್ಕೆ ಟಕ್ ಟಕ್ ಅಂತ... ತುಟೀನೂ ಅಲ್ಲಾಡ್ತಿದೆ. ಎಣಿಸ್ತಿದೀಯಾ? ರೇಸನ್ನ ಮತ್ತೆ ಎಣಿಸ್ತಿದೀಯಾ ನೀನು? ಬೇಡ. ನಿಲ್ಲಿಸು ಅದನ್ನ. ಮುಗಿದು ಹೋಗಿರೋದನ್ನ ಎಣಿಸಿ ಏನು ಬರುತ್ತೆ. ಕೈ ಹಿಡೀತೀನಿ ನೋಡು... ಎಳ್ಕೊಂಡೆ. ಸರಿ. ಎಣಿಸ್ಕೋ.

ನನ್ನ ಮಾತು ನಂಬಲ್ವಾ ಹಾಗಿದ್ರೆ? ನಾನು ನಿಂಗೆ ಯಾವತ್ತು ಸುಳ್ಳು ಹೇಳಿದೀನಿ? ಹುಟ್ಟಿದಾಗಿನಿಂದ ನೀನು ನೋಡಿದ್ದೆಲ್ಲ ನನ್ನ ಬಾಯಿಂದಾನೇ. ಆಕಾಶ ಹೇಗಿದೆ, ಎದುರಿಗಿರೋರ ಮುಖ ಹೇಗಿದೆ, ನಿನ್ನ ಬಟ್ಟೆ ಮೇಲೆ ಕಲೆ ಇದೆಯಾ, ಯಾರು ನಿನ್ನ ನೋಡಿ ಮೂಗು ಮುರಿದ್ರು... ಒಂದಾದ್ರೂ ಸುಳ್ಳು...

ಆ ಕಿಟಕಿ ವಿಷಯ ಬಿಡು. ಅದು ಎಷ್ಟು ಹಳೇದು. ಆ ಲಾಡ್ಜಿನಲ್ಲಿ ಕಿಟಕಿ ಆಚೆ ಸಮುದ್ರ ಕಾಣುತ್ತೆ ಅಂದಿದ್ದೆ, ನೀನು ಮೊದಲನೇ ಸಲ ಊರು ಬಿಟ್ಟು ಬಂದಿದ್ದೆ, ಅಳ್ತಿದ್ದೆ, ಖುಷಿಯಾಗ್ಲಿ ಅಂತ ಹೇಳ್ದೆ. ನೀನು ಎದ್ದು ಹೋಗಿ ಕಂಬಿ ಸಂದಿಯಲ್ಲಿ ಕೈ ಆಚೆ ಹಾಕಿದೆ, ಪಕ್ಕದ ಕಟ್ಟಡದ ಗೋಡೆ ಕೈಗೆ ತಗುಲ್ತು. ವಾಪಸ್ ಬಂದು ಮಲಗಿದೆ ಅಷ್ಟೇ. ನಿನ್ನದು ಅದೇ ಬುದ್ಧಿ. ಕೇಳಲ್ಲ, ಜಗಳ ಆಡಲ್ಲ. ಕೈಯಲ್ಲಿ ಮುಟ್ಟಿ ನೋಡಿ ಸುಮ್ನಾಗ್ತೀಯಾ.

ಜಗಳ ಆಡಿದ್ರೆ ಎಷ್ಟೋ ಚೆನ್ನಾಗಿತ್ತು.

ನಿನ್ನೆ ಊಟದ ಹಾಲ್‌ನಲ್ಲಿ ನಾನು ತಟ್ಟೆ ತೊಳೆಯೋಕೆ ಹೋಗಿದ್ದೆ ಅಂದ್ಕೊಂಡೆ ನೀನು. ಕಂಬದ ಹಿಂದೇನೇ ಇದ್ದೆ. ಆ ದೊಡ್ಡ ತರಬೇತಿ ಕೇಂದ್ರದ ಮೇಡಂ ನಿನ್ನ ಪಕ್ಕ ಕುರ್ಚಿ ಎಳ್ಕೊಂಡು ಕೂತ್ರು. ಮುಂದಿನ ತಿಂಗಳಿಂದಾನೇ ಬಾ, ಊಟ ವಸತಿ ಎಲ್ಲ ನಮ್ಮದು, ತಟ್ಟೋಕೆ ತರಬೇತಿ ಆದ ಹುಡುಗಿ ಇದಾಳೆ ಅಂದ್ರು. ನಿಮ್ಮ ಅಕ್ಕ ಏನಂತಾರೋ ಅಂದ್ರು. ಆಗ ನೀನು ಏನಂದೆ? ನಾನೇ ಹೇಳ್ತೀನಿ. ಯಾರು ತಟ್ಟಿದ್ರೂ ಒಂದೇ ಮೇಡಂ, ಹೇಗಿದ್ರೂ ನಾನು ಕೈ ಎಣಿಸ್ಕೊಂಡೇ ಬರ್ತೀನಿ. ಹಾಗಂದೆ. ನಗ್ತಾ ಅಂದೆ. ಅನ್ನ ಬಾಯಲ್ಲಿ ಇಟ್ಕೊಂಡು ಅಂದೆ.

ಯಾರು ತಟ್ಟಿದ್ರೂ ಒಂದೇ.

ಸಿಟ್ಟೇನೂ ಬರ್ಲಿಲ್ಲ ನಂಗೆ. ನಿಜ ಹೇಳ್ತೀನಿ. ಬೇಜಾರಾಯ್ತು. ಯಾರಿಗಾದ್ರೂ ಆಗುತ್ತಲ್ವಾ? ನಿನ್ನ ಬೆನ್ನು, ಭುಜ ಎಲ್ಲ ಸಾಲಿನ ಪಕ್ಕ ಕಟ್ಟಿರೋ ಆ ಹಗ್ಗಕ್ಕೆ ಉಜ್ಜಿ ಉಜ್ಜಿ ಸಿಪ್ಪೆ ಏಳೋದು, ಪ್ರತಿ ಸಂಜೆ ಮುಲಾಮು ಹಚ್ಚೋಳು ಯಾರು? ಕಣ್ಣಲ್ಲಿ ಕಣ್ಣಿಟ್ಟು ಕಾದವಳು ಯಾರು? ನನ್ನನ್ನ ನೋಡೋಕೆ ಬಂದ ಆ ಎಲೆಕ್ಟ್ರಿಷಿಯನ್ ಹುಡುಗ, ಪಾಪ, ಒಳ್ಳೆಯವನೇ. ಮದುವೆ ಆದ್ಮೇಲೂ ತಂಗಿ ಜೊತೆ ಊರೂರು ತಿರುಗ್ತೀಯಾ ಅಂತ ಕೇಳಿದ. ಹೌದು ಅಂದೆ. ಟೀ ಕುಡಿದು ಹೋದ. ನಾನು ಅದನ್ನೇನಾದ್ರೂ ನಿನ್ನ ತಲೆ ಮೇಲೆ ಹಾಕಿದ್ನಾ? ಇವತ್ತೇ ಹೇಳ್ತಿರೋದು ನೋಡು, ಬಾಯಿ ತಪ್ಪಿ.

ನೀನು ನನಗೆ ಹೇಳಬಹುದಿತ್ತು. ಅಷ್ಟೇ ನನ್ನ ನೋವು. ಅಕ್ಕ, ನಾನು ಹೋಗ್ತೀನಿ ಅಂತ ಒಂದು ಮಾತು. ನಿನ್ನೆ ರಾತ್ರಿ ಪೂರ್ತಿ ಕಾದೆ, ಈಗ ಹೇಳ್ತಾಳೆ, ಈಗ ಹೇಳ್ತಾಳೆ ಅಂತ. ನೀನು ಗೊರಕೆ ಹೊಡೆದೆ.

ಬೆಳಿಗ್ಗೆ ಎದ್ದು ಅಮ್ಮನ ಹೊದಿಕೆ ಅಂಚಿನಿಂದ ಒಂದು ಪಟ್ಟಿ ಹರಿದೆ. ಪ್ರತಿ ಫೈನಲ್‌ಗೂ ಹರೀತೀನಲ್ಲ, ಹಾಗೇ. ಬರೀ ಚೆಂಡು ತಲೆಗೆ ಒರಟಾಗುತ್ತೆ ಅಂತ ಅಮ್ಮ ಇದ್ದಾಗ ಶುರು ಮಾಡಿದ್ದು. ಅಮ್ಮ ಹೋದ್ಮೇಲೂ ನೀನೇ ಕೇಳಿದ್ದೆ, ಅಮ್ಮನ ಹೊದಿಕೆಯದ್ದೇ ಬೇಕು, ಪ್ರತಿ ಸಲಾನೂ ಹೊಸಾದು ಬೇಕು, ತಲೆಗೆ ತಗುಲಿದ್ರೆ ಅಮ್ಮ ತಟ್ಟಿದಂಗೆ ಆಗುತ್ತೆ ಅಂತ. ಈಗ ಉಳಿದಿರೋದು ಒಂದು ಮೊಳಾನೂ ಇಲ್ಲ. ಚೆಂಡಿಗೆ ಸುತ್ತಿದೆ, ದಾರ ಹಾಕಿ ಹೊಲಿದೆ. ಹೊಲೀತಾ ಅಂದ್ಕೊಂಡೆ, ಆ ತರಬೇತಿ ಹುಡುಗಿಗೂ ಇದನ್ನ ಹೇಳಿಕೊಡಬೇಕಾಗುತ್ತೇನೋ ಅಂತ. ಅವಳ ಕೈಗೆ ಅಮ್ಮನ ಹೊದಿಕೆ ಕೊಡಬೇಕಾಗುತ್ತೇನೋ.

ಅಷ್ಟೇ ಅಂದ್ಕೊಂಡಿದ್ದು. ಇನ್ನೇನೂ ಅಂದ್ಕೊಳ್ಳಲಿಲ್ಲ.

ನೀರಿಗೆ ಧುಮುಕಿದೆ ನೀನು, ಚೆನ್ನಾಗಿ ಧುಮುಕಿದೆ. ಆ ಕಡೆ ಮಾಸ್ತರು ತಟ್ಟಿದ್ರು, ತಿರುಗಿದೆ. ವಾಪಸ್ ಬರ್ತಿದ್ದೆ. ನಾನು ಮಂಡಿ ಊರಿ ಕೂತು ಕೋಲು ಚಾಚಿದ್ದೆ. ನೀನು ಎಣಿಸೋದನ್ನ ನಾನೂ ಎಣಿಸ್ತೀನಿ ಅಂತ ಗೊತ್ತಾ ನಿಂಗೆ? ಬಾಯೊಳಗೆ. ಮೊದಲಿಂದಾನೂ. ನಿನ್ನ ಎಷ್ಟನೇ ಕೈಗೆ ಗೋಡೆ ಅಂತ ನಿಂಗೆಷ್ಟು ಗೊತ್ತೋ ನಂಗೂ ಅಷ್ಟೇ ಗೊತ್ತು. ಆಗ ಎದುರು ದಂಡೇಲಿ ಆ ಕೇಂದ್ರದ ಮೇಡಂ ಕಂಡ್ರು. ಪಕ್ಕದಲ್ಲಿ ಒಂದು ಹುಡುಗಿ, ಬಿಳಿ ಶೂ, ಕುತ್ತಿಗೇಲಿ ಪಾಸ್. ಮೇಡಂ ನನ್ನ ಕೋಲಿನ ಕಡೆ ಬೆರಳು ಮಾಡಿ ಅವಳಿಗೆ ಏನೋ ತೋರಿಸ್ತಿದ್ರು. ನೋಡ್ಕೋ, ಇಲ್ಲಿ ನಿಲ್ಲಬೇಕು ನೀನು, ಅನ್ನೋ ಹಾಗೆ. ನಾನು ಒಂದು ಗಳಿಗೆ ಆ ಕಡೆ ನೋಡಿದ್ದು...

ಇಲ್ಲ ಇಲ್ಲ. ನೋಡ್ತಾನೇ ತಟ್ಟಿದೆ. ಎರಡನ್ನೂ ಒಟ್ಟಿಗೇ ಮಾಡಿದೆ. ಇಷ್ಟು ವರ್ಷದ ಕೈ ಇದು, ಕಣ್ಣು ಎಲ್ಲಿದ್ರೂ ತಟ್ಟುತ್ತೆ. ಮೆತ್ತಗೆ ಬಿದ್ದಿರಬಹುದು. ಹೌದು, ಮೆತ್ತಗೆ ಬಿದ್ದಿರಬೇಕು. ನಿಂಗೆ ಗೊತ್ತಾಗ್ಲಿಲ್ಲ ಅಷ್ಟೇ.

ಮತ್ತೆ ನೀನು? ನೀನೇ ಹೇಳು. ನಿನ್ನ ಎಣಿಕೆ ಮುಗಿದಿತ್ತು. ನಾನು ನೋಡಿದೆ, ಕೊನೇ ಕೈ ಆಯ್ತು, ನೀರಲ್ಲಿ ನಿನ್ನ ಮೈ ಒಂದು ಚೂರು ಅನುಮಾನಿಸ್ತು. ಗೋಡೆ ಬಂತು ಅಂತ ನಿಂಗೆ ಗೊತ್ತಿತ್ತು. ಗೊತ್ತಿದ್ದೂ ಇನ್ನೊಂದು ಕೈ ಹಾಕ್ದೆ. ಪೂರ್ತಿ ಜೋರಾಗಿ. ಯಾಕೆ? ಎಣಿಸ್ಕೊಂಡೇ ಬರ್ತೀನಿ ಅಂತ ಅವರ ಹತ್ರ ಜಂಭ ಕೊಚ್ಚಿದ್ದೆಯಲ್ಲ, ನಿಲ್ಲಬೇಕಿತ್ತು ನೀನು. ಕೈ ಚಾಚಿ ನಿಂತಿದ್ರೆ ಏನೂ ಆಗ್ತಿರ್ಲಿಲ್ಲ. ನಾನೂ ಅದನ್ನೇ... ನಿಲ್ತೀಯಾ ಅಂತಾನೇ...

ಯಾಕೆ ನನ್ನ ಕಡೆ ಮುಖ ತಿರುಗಿಸ್ದೆ? ಇಷ್ಟು ಹೊತ್ತು ಗೋಡೆ ಕಡೆ ಇದ್ದೋಳು.

ನಿನ್ನ ಎಣಿಕೆಗಿಂತ ನನ್ನ ತಟ್ಟೇ ಜಾಸ್ತಿ ಅಂತ ನಂಬಿದ್ಯಾ? ಅಕ್ಕ ಇನ್ನೂ ತಟ್ಟಿಲ್ಲ, ಹಾಗಾದ್ರೆ ಗೋಡೆ ಇನ್ನೂ ಬಂದಿಲ್ಲ, ನನ್ನ ಎಣಿಕೇನೇ ತಪ್ಪು ಅಂತ... ಹಾಗಾ? ಮತ್ತೆ ನಿನ್ನೆ ಯಾಕೆ ಹಾಗಂದೆ? ಅವರ ಮುಂದೆ ದೊಡ್ಡೋಳಂಗೆ ಕಾಣಬೇಕು ಅಂತ ಅಂದ್ಯಾ? ಏನಾದ್ರೂ ಹೇಳೇ. ಬಯ್ಯಿ ಬೇಕಾದ್ರೆ. ಸುಮ್ನೆ ಕೂತ್ಕೊಂಡು ನನ್ನ ಜೀವ ಹಿಂಡಬೇಡ.

ಸರಿ, ಆಗಿದ್ದಾಯ್ತು. ಈಗ ಮುಂದಿಂದು ನೋಡೋಣ. ಕೈ ವಾಸಿ ಆಗೋಕೆ ಸಮಯ ಹಿಡಿಯುತ್ತೆ. ಮುಂದಿನ ತಿಂಗಳ ದೊಡ್ಡ ಕೂಟಕ್ಕೆ ಆಗಲ್ಲ ಅನ್ಸುತ್ತೆ. ಆ ಕೇಂದ್ರಕ್ಕೂ ಹೋಗೋಕಾಗಲ್ಲ. ಮನೇಲೇ ಇರೋಣ, ಏನೀಗ? ನಾನು ತಲೆ ಬಾಚ್ತೀನಿ, ಊಟ ತಿನ್ನಿಸ್ತೀನಿ, ಬಟ್ಟೆ ಹಾಕ್ತೀನಿ. ಮೊದಲಿನ ಹಾಗೇ. ವಾಸಿ ಆದ್ಮೇಲೆ ನಮ್ಮ ಹಳೇ ಕೊಳ ಇದ್ದೇ ಇದೆ. ನೀನು, ನಾನು, ಮಾಸ್ತರು. ಎಷ್ಟು ಚೆನ್ನಾಗಿತ್ತು ಆಗ. ಇರ್ಲಿಲ್ವಾ?

ಹೆಜ್ಜೆ ಸದ್ದು... ನಿಂಗೂ ಕೇಳಿಸ್ತಲ್ಲ. ಎತ್ತರ ಹಿಮ್ಮಡಿಯ ಚಪ್ಪಲಿ, ರೆಫರಿ ಅಮ್ಮನೇ. ಕಪ್ಪೆ, ಬೇಗ. ಎಣಿಕೆ ತಪ್ತು. ಎರಡೇ ಪದ. ನನಗೋಸ್ಕರ ಬೇಡ, ಅಮ್ಮನಿಗೋಸ್ಕರ ಹೇಳು. ನೀವಿಬ್ಬರೂ ಬೇರೆ ಆಗಬೇಡಿ ಅಂತ ಅಮ್ಮ ಸಾಯೋವಾಗ... ಏನು? ಎಡಗೈ ಯಾಕೆ ಚಾಚ್ತಿದೀಯಾ? ನೀರು ಬೇಕಾ? ಎದ್ದೇಳಬೇಡ, ಐಸ್ ಚೀಲ ಬಿತ್ತು ನೋಡು. ಇಗೋ ನನ್ನ ಮೊಣಕೈ, ಹಿಡ್ಕೋ. ಹಿಡ್ಕೊಳ್ಳೇ, ನೆಲ ಒದ್ದೆ ಇದೆ, ಜಾರ್ತೀಯಾ. ಯಾಕೆ ತಳ್ತೀಯಾ? ಆ ಕಡೆ ಏನಿಲ್ಲ. ಬಾಗಿಲು ಅದು, ಬಾಗಿಲ ಹಿಂದೆ...

ಕೋಲಾ? ಅದು ಯಾಕೆ ಈಗ? ಬಿಡು ಅದನ್ನ. ಒಂದು ಕೈಯಲ್ಲಿ ಹೇಗೆ ಎತ್ತುತೀಯಾ, ತಲೆ ಮೇಲೆ ಬೀಳುತ್ತೆ. ನಂಗೆ ಕೊಡು. ಕೊಡೇ ಕಪ್ಪೆ... ಹೋಗ್ಲಿ, ಈ ಕಡೆ ಹಿಡಿ, ಇದು ಹಿಡಿಕೆ. ಚೆಂಡಿನ ಕಡೆ ಬೇಡ. ಅಲ್ಲೇನೂ ಇಲ್ಲ, ಬೆಳಿಗ್ಗೆ ಸುತ್ತಿದ ಬಟ್ಟೆ, ಯಾವಾಗ್ಲೂ ಇರೋದೇ.

ಯಾಕೆ ಹಾಗೆ ಒತ್ತಿ ಒತ್ತಿ ನೋಡ್ತೀಯಾ?

ಕೆನ್ನೆಗೆ ಯಾಕೆ ಇಟ್ಕೊಂಡೆ?

ನನ್ನ ಕೈ ಬಿಡು. ಬಿಡು ಕಣೇ, ಯಾಕೆ ನನ್ನ ಕೈ ಅದರ ಮೇಲೆ ಇಡ್ತೀಯಾ, ನಂಗೆ ಗೊತ್ತಿಲ್ವಾ ನಾನೇ ಹೊಲಿದ ಬಟ್ಟೆ... ಒಣಗಿರುತ್ತೆ. ಬಂದು ಎಷ್ಟೊತ್ತಾಯ್ತು ನಾವು. ಹಳೇ ಬಟ್ಟೆ, ತೆಳು, ಬೇಗ ಒಣಗುತ್ತೆ. ಫ್ಯಾನ್ ಗಾಳಿಗೆ ಒಣಗಿರುತ್ತೆ ಕಣೇ.

ಬಂದ್ರು. ಬಾಗಿಲ ಹತ್ರಾನೇ ಬಂದ್ರು.

ನಿನ್ನ ಕೂದಲಿಂದ ಇನ್ನೂ ನೀರು ಸೋರ್ತಿದೆ. ಟವಲ್... ಟವಲ್ ಎಲ್ಲಿಟ್ಟೆ ನಾನು.